ಬೇಸಿನ್ನಿನ ಬಿಸಿಯಲ್ಲಿ ಒಂಬತ್ತು ದಿನ

ನಾನು ಬಿದ್ದದ್ದು ಒಂಬತ್ತನೆಯ ಸುತ್ತಿನಲ್ಲಿ. ಬಳ್ಳಾರಿಯ ಮೈದಾನ, ಮೇ ತಿಂಗಳು, ಹೊತ್ತು ಹನ್ನೊಂದೂವರೆ. ಅರೆಸೇನಾ ಪಡೆಯ ಕಾನ್‌ಸ್ಟೇಬಲ್ ಭರ್ತಿಗೆ ಐದು ಕಿಲೋಮೀಟರ್ ಓಡಬೇಕಿತ್ತು, ಅಂದರೆ ಹನ್ನೆರಡೂವರೆ ಸುತ್ತು, ಇಪ್ಪತ್ತನಾಲ್ಕು ನಿಮಿಷದೊಳಗೆ. ನಂಜನಗೂಡಿನ ಕಾಲುವೆ ಏರಿಯ ಮೇಲೆ ದಿನಾ ಬೆಳಗ್ಗೆ ಅಷ್ಟೇ ದೂರವನ್ನು ಇಪ್ಪತ್ತೊಂದರಲ್ಲಿ ಮುಗಿಸುತ್ತಿದ್ದವನು ನಾನು. ಆ ಧಿಮಾಕಿನಲ್ಲೇ ಹೋಗಿದ್ದೆ. ನಮ್ಮ ಸರದಿ ಬರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಏಳನೆಯ ಸುತ್ತಿನಲ್ಲಿ, ಆ ಉರಿಬಿಸಿಲಿನಲ್ಲೂ ಮೈ ಜುಮ್ಮೆಂದು ಚಳಿ ಹತ್ತಿತು, ತೋಳಿನ ರೋಮ ನಿಮಿರಿತು. ಒಳ್ಳೆಯದೇ ಆಯಿತು, ಮೈ ತಣ್ಣಗಾಗುತ್ತಿದೆ ಅಂದುಕೊಂಡೆ. ನನ್ನ ತಿಳಿವಳಿಕೆ ಅಷ್ಟೇ ಇತ್ತು. ಎಚ್ಚರವಾದಾಗ ಶಾಮಿಯಾನದ ಕೆಳಗೆ ಮಲಗಿದ್ದೆ, ಕೈಗೆ ಗ್ಲೂಕೋಸ್ ಹಾಕಿದ್ದರು, ಎದೆಯ ಮೇಲಿನ ನಂಬರನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು.

ಇದು ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿನ ಮಾತು. ಮೀಸಲಾತಿಯಲ್ಲಿ ನಮ್ಮವರಿಗಿದ್ದ ವಯಸ್ಸಿನ ಸಡಿಲಿಕೆಯನ್ನು ಸೇರಿಸಿದರೂ ನನಗೆ ಇನ್ನೊಂದು ವರ್ಷ, ಒಂದೇ ಒಂದು ಭರ್ತಿ ಉಳಿದಿತ್ತು. ಆ ವರ್ಷವೇ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ನನಗಿದ್ದ ಕಾಂಟ್ರಾಕ್ಟ್ ಕೂಲಿಯೂ ಮುಗಿಯಿತು. ನಮ್ಮೂರು ಹೆಡತಲೆಗೆ ಹಿಂತಿರುಗಿದರೆ ಅಣ್ಣನ ಮನೆ, ಅತ್ತಿಗೆಯ ಮುಖ. ಹಾಗಾಗಿ ಟಿ. ನರಸೀಪುರದಲ್ಲಿದ್ದ ಅಕ್ಕನ ಮನೆ ಸೇರಿಕೊಂಡೆ. ಭಾವ ಕೊಡಗಿನ ಎಸ್ಟೇಟಿನಲ್ಲಿ ಕೆಲಸಕ್ಕಿದ್ದರು, ಎರಡು ಮೂರು ತಿಂಗಳಿಗೊಮ್ಮೆ ಬಂದು ಹೋಗುವವರು. ಅಕ್ಕ ಊರಾಚೆಯ ಒಂದು ರೇಷ್ಮೆ ಶೆಡ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಬೇಯಿಸಿದ ಗೂಡಿನಿಂದ ನೂಲು ತೆಗೆಯುತ್ತಿದ್ದಳು. ಒಂದೇ ಕೋಣೆಯ ಶೀಟಿನ ಮನೆ. ಅದರಲ್ಲಿ ಇಪ್ಪತ್ತೇಳು ವರ್ಷದ ನಾನು ಅವಳು ತೊಳಸಿಟ್ಟುಹೋದ ಮುದ್ದೆ ತಿಂದುಕೊಂಡು, ಟೀ ಅಂಗಡಿಯಿಂದ ತಂದ ಹಳೆಯ ಪೇಪರ್ ಓದಿಕೊಂಡು ಬಿದ್ದಿರುತ್ತಿದ್ದೆ. ಅವಳು ಒಂದು ಮಾತೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಜಗಳವಾಡಿ ಎಲ್ಲಿಗಾದರೂ ಹೊರಟುಹೋಗಬಹುದಿತ್ತು.

ಮುಂದಿನ ಭರ್ತಿಯ ಪತ್ರ ಬಂದಾಗ ನನ್ನ ಕೈಯಲ್ಲಿ ಇದ್ದದ್ದು ಹದಿನಾಲ್ಕು ದಿನ. ಮತ್ತೆ ಅದೇ ಬಳ್ಳಾರಿ, ಅದೇ ಮೇ ತಿಂಗಳು. ಪತ್ರ ಹಿಡಿದು ನಂಜನಗೂಡಿನ ಬಸ್ಸು ಹತ್ತಿದೆ. ಅಲ್ಲಿ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂರುತ್ತಿದ್ದ ನಿವೃತ್ತ ಹವಾಲ್ದಾರರು ನಮ್ಮೂರಿನವರೇ, ವರಸೆಯಲ್ಲಿ ನನಗೆ ದೊಡ್ಡಪ್ಪನಾಗಬೇಕು. ಹೋದ ವರ್ಷ ಬಿದ್ದ ಕತೆಯನ್ನು ಅವರಿಗೆ ಮೊದಲ ಸಲ ಪೂರ್ತಿ ಹೇಳಿದೆ, ಚಳಿ ಹತ್ತಿದ್ದನ್ನೂ ಬಿಡದೆ. ಅವರು ಮರುಕ ಪಡುತ್ತಾರೆ ಅಂದುಕೊಂಡಿದ್ದೆ. ಅವರು ಮೀಸೆಯೊಳಗೇ ನಕ್ಕರು.

"ಇಬ್ನೀಲಿ ಓಡಿ ಕಲ್ತು ಬಾಂಡ್ಲೀಲಿ ಪರೀಕ್ಸೆ ಬರಿಯಕೋದ್ರೆ ಇನ್ನೇನಾದದ್ಲಾ? ಕಾಲ್ನ ಪಳಗ್ಸಿದ್ದೆ, ಮೈನ ಪಳಗ್ಸಿರ್ನಿಲ್ಲ."

ರಾಜಸ್ಥಾನದ ಮರಳಿಗೆ ಅವರ ಪಲ್ಟನ್ ಹೋದಾಗ ಮೊದಲ ದಿನವೇ ಯಾರನ್ನೂ ಓಡಿಸುತ್ತಿರಲಿಲ್ಲವಂತೆ. ಮೊದಲ ದಿನ ಅರ್ಧ ಗಂಟೆ ಬಿಸಿಲಲ್ಲಿ ನಡಿಗೆ, ಮಾರನೆಯ ದಿನ ಸ್ವಲ್ಪ ಹೆಚ್ಚು, ಹೀಗೆ ಎಂಟು ಹತ್ತು ದಿನ. ಅಷ್ಟರಲ್ಲಿ ಮೈ ತಾನಾಗಿಯೇ ಪಾಠ ಕಲಿತಿರುತ್ತದೆ. ಬೆವರು ಬೇಗ ಶುರುವಾಗುತ್ತದೆ, ಧಾರಾಳವಾಗಿ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ಅಷ್ಟೇ ಕೆಲಸಕ್ಕೆ ಎದೆ ಮೊದಲಿನಷ್ಟು ಬಡಿದುಕೊಳ್ಳುವುದಿಲ್ಲ. ಆದರೆ ಬಿಸಿಯಿಂದ ದೂರವಾಗಿ ಎರಡು ಮೂರು ವಾರ ತಣ್ಣಗೆ ಕೂತರೆ ಕಲಿತದ್ದೆಲ್ಲ ಮರೆತುಹೋಗುತ್ತದೆ. ಹಾಗಾಗಿ ತೀರಾ ಮುಂಚೆ ಮಾಡಿಯೂ ಪ್ರಯೋಜನವಿಲ್ಲ, ಈಗ ನಿನಗೆ ಸಿಕ್ಕಿರುವುದೇ ಸರಿಯಾದ ಹೊತ್ತು ಅಂದರು. ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ ಕುಡಿಯುತ್ತಲೇ ಇರಬೇಕು, ಉಚ್ಚೆಯ ಬಣ್ಣ ನೋಡಿಕೊಳ್ಳಬೇಕು, ಕಡು ಹಳದಿಯಾದರೆ ನೀರು ಸಾಲದು ಅಂತ ಲೆಕ್ಕ. ತಲೆ ಸುತ್ತಿದ ತಕ್ಷಣ ಬಿಟ್ಟು ಹೊರಗೆ ಬಂದುಬಿಡಬೇಕು, ಗಂಡಸುತನ ತೋರಿಸಲು ಹೋಗಬಾರದು. ಇದನ್ನು ಅವರು ಎರಡು ಸಲ ಹೇಳಿದರು.

ಎಲ್ಲ ಸರಿ, ಬಿಸಿಲೇ ಇರಲಿಲ್ಲ. ಆ ವರ್ಷ ನಮ್ಮ ಕಡೆ ಮೇ ತಿಂಗಳಲ್ಲಿ ಮೋಡ ಕವಿದುಕೊಂಡು ಕೂತಿತು. ಬೆಳಗ್ಗೆ ಇಷ್ಟಿಷ್ಟು ಬಿಸಿಲು ಕಂಡರೆ ಮಧ್ಯಾಹ್ನದ ಹೊತ್ತಿಗೆ ತಂಗಾಳಿ, ಆಮೇಲೆ ಮಳೆ. ಊರಿಗೆ ಊರೇ ಹಿಗ್ಗಿತ್ತು. ನಾನೊಬ್ಬ ಮಾತ್ರ ಬಾಗಿಲಲ್ಲಿ ನಿಂತು ಆಕಾಶಕ್ಕೆ ಶಾಪ ಹಾಕುತ್ತಿದ್ದೆ. ಮೂಗೂರಿನ ರಸ್ತೆಯಲ್ಲಿ ಸ್ವೆಟರ್ ಹಾಕಿಕೊಂಡು ಓಡಿದೆ, ನೆನೆದು ಮನೆಗೆ ಬಂದೆ. ಹೀಗೇ ನಾಲ್ಕು ದಿನ ಹೋಯಿತು. ಐದನೆಯ ದಿನ ಊಟದ ಹೊತ್ತಿಗೆ ಅಕ್ಕ ಶೆಡ್ಡಿನಿಂದ ಬಂದಳು. ಹೊರಗೆ ಹನಿ ಬೀಳುತ್ತಿತ್ತು, ಅವಳ ರವಿಕೆ ಮಾತ್ರ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತ್ತು. ಇಷ್ಟು ವರ್ಷ ಅದನ್ನು ನೋಡುತ್ತಲೇ ಇದ್ದೆ. ಅವತ್ತು ನನಗೆ ಹೊಳೆದದ್ದೇನು? ಅಯ್ಯೋ ಪಾಪ ಅಂತಲ್ಲ. ಅಲ್ಲಿ ಬಿಸಿ ಇದೆಯಲ್ಲ ಅಂತ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಶೆಡ್ಡು ಅಂದರೆ ಉದ್ದನೆಯ ಒಂದು ಕೋಣೆ. ಒಂದು ತುದಿಯಲ್ಲಿ ಸೌದೆ ಉರಿಯುವ ಬಾಯ್ಲರ್, ಅದರಿಂದ ಕೊಳವೆಯಲ್ಲಿ ಹಬೆ ಬಂದು ಸಾಲಾಗಿರುವ ಬೇಸಿನ್ನುಗಳ ನೀರನ್ನು ಕಾಯಿಸುತ್ತಿತ್ತು. ಬೆಂದ ಗೂಡುಗಳು ಆ ನೀರಿನಲ್ಲಿ ತೇಲುತ್ತಿದ್ದವು. ಒಂದೊಂದು ಬೇಸಿನ್ನಿನ ಮುಂದೆ ಒಬ್ಬೊಬ್ಬ ಹೆಂಗಸು ಕೂತು, ಗೂಡಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯನ್ನು ಬೆರಳಿನಲ್ಲಿ ಹಿಡಿದು, ಏಳೆಂಟು ಸೇರಿಸಿ, ಮೇಲೆ ತಿರುಗುವ ರಾಟೆಗೆ ಕೊಡಬೇಕು. ಗಾಳಿ ಆಡಿದರೆ ಎಳೆ ತೊಡಕುತ್ತದೆ ಅಂತ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗೆ ಗೋಣಿಚೀಲ ತುರುಕಿದ್ದರು. ಬೆಂದ ಹುಳುವಿನ ವಾಸನೆ ಬಾಗಿಲಲ್ಲೇ ಮೂಗಿಗೆ ಹೊಡೆಯುತ್ತಿತ್ತು. ಮೊದಲ ದಿನ ಒಳಗೆ ಕಾಲಿಟ್ಟವನೇ ಹೊರಗೆ ಬಂದು ವಾಂತಿ ಮಾಡಿಕೊಂಡೆ.

ಶೆಡ್ಡಿನ ಯಜಮಾನರಿಗೆ ಅಕ್ಕನೇ ವಿಷಯ ಹೇಳಿ ಒಪ್ಪಿಸಿದ್ದಳು. ಅವರು ಕೆಟ್ಟವರೇನಲ್ಲ. ಬಾಯ್ಲರಿನ ಪಕ್ಕದ ಮೂಲೆಯಲ್ಲಿ ನಿಂತಲ್ಲೇ ಓಡಿಕೋ ಅಂದರು. ಆದರೆ ಕೆಲಸದ ಜಾಗದಲ್ಲಿ ಒಬ್ಬ ಸುಮ್ಮನೆ ಇದ್ದರೆ ಮಿಕ್ಕವರ ಕೈಯೂ ನಿಧಾನವಾಗುತ್ತದೆ ಅನ್ನುವುದು ಅವರ ನಂಬಿಕೆ. ಹೆರಿಗೆಗೆ ತವರಿಗೆ ಹೋದವಳ ಒಂದು ಬೇಸಿನ್ ಖಾಲಿ ಇತ್ತು. ಓಡಿದ ಮೇಲೆ ಮಿಕ್ಕ ಹೊತ್ತು ಅದರ ಮುಂದೆ ಕೂರು, ಅಕ್ಕ ಕಲಿಸುತ್ತಾಳೆ ಅಂದರು. ನನಗೂ ಅದೇ ಬೇಕಿತ್ತು. ಹೆಚ್ಚು ಹೊತ್ತು ಬಿಸಿಯಲ್ಲಿದ್ದಷ್ಟೂ ಒಳ್ಳೆಯದಲ್ಲವೇ? ಹವಾಲ್ದಾರರು ಕೈಯ ಬಗ್ಗೆ ಏನೂ ಹೇಳಿರಲಿಲ್ಲ. ಅವರ ಮರಳುಗಾಡಿನಲ್ಲಿ ಯಾರೂ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರುತ್ತಿರಲಿಲ್ಲ.

ಮೂರು ಗೋಣಿಚೀಲ ಮಡಚಿ ಹಾಸಿಕೊಂಡು ಅದರ ಮೇಲೆ ಓಡತೊಡಗಿದೆ. ಮೊದಲ ದಿನ ಹತ್ತು ನಿಮಿಷಕ್ಕೆ ಎದೆ ಬಾಯಿಗೆ ಬಂತು, ಅರ್ಧ ಗಂಟೆಗೆ ನೆಲದ ಮೇಲೆ ಕುಸಿದು ಕೂತೆ. ಹೆಂಗಸರಿಗೆ ಇದಕ್ಕಿಂತ ಮೋಜು ಇನ್ನೇನು ಬೇಕು? ಇದ್ದಲ್ಲೇ ಓಡಿ ಯಾವ ಊರು ಮುಟ್ಟುತ್ತೀಯಪ್ಪ ಅಂತ ಒಬ್ಬಳು ಕೇಳಿದಳು. ಹಿರಿಯ ಹೆಂಗಸೊಬ್ಬಳು, ಬಿಸಿಗೆ ಪಳಗಿದವರಿಗೆ ಸರಕಾರ ಬಂದೂಕು ಕೊಡುವುದಾದರೆ ಮೊದಲು ನಮ್ಮ ಸಾಲಿಗೆ ಕೊಡಬೇಕು ಅಂದಳು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ನಾನೂ ನಕ್ಕೆ.

ದಿನ ಕಳೆದಂತೆ ಅರ್ಧ ಗಂಟೆ ಮುಕ್ಕಾಲಾಯಿತು, ಒಂದಾಯಿತು, ಒಂದೂವರೆಯಾಯಿತು. ದಿನಾ ಬೆಳಗ್ಗೆ ಎದ್ದ ಕೂಡಲೇ ಭಾವನ ಹಳೆಯ ವಾಚು ಹಿಡಿದು ನಾಡಿ ಎಣಿಸುತ್ತಿದ್ದೆ. ನಾಲ್ಕನೆಯ ದಿನದಿಂದ ಅದು ಇಳಿಯತೊಡಗಿತು. ಮೊದಲೆಲ್ಲ ಬನಿಯನ್ ಒಣಗಿದರೆ ಉಪ್ಪಿನ ಬಿಳಿ ಗೆರೆಗಳು ನಕ್ಷೆಯ ಹಾಗೆ ಮೂಡುತ್ತಿದ್ದವು. ಆರನೆಯ ದಿನ ಆ ಗೆರೆ ಕಾಣಲಿಲ್ಲ. ಬನಿಯನ್ನಿನ ತುದಿಯನ್ನು ನಾಲಿಗೆಗೆ ತಾಗಿಸಿ ನೋಡಿದೆ, ಹೆಚ್ಚುಕಡಿಮೆ ಸಪ್ಪೆ. ಅಂಥ ಸಂತೋಷ ನನಗೆ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗಿರಲಿಲ್ಲ.

ಆದರೆ ಓಡುವ ಹೊತ್ತು ಸುಖದ್ದು. ಬೇಸಿನ್ನಿನ ಮುಂದೆ ಕೂತಾಗಲೇ ನಿಜವಾಗಿ ಸಿಕ್ಕಿಬಿದ್ದ ಹಾಗಾಗುತ್ತಿದ್ದದ್ದು. ಅಲ್ಲಿಂದ ಎದ್ದೇಳುವಂತಿಲ್ಲ. ಎಳೆ ಕೊಡುತ್ತಲೇ ಇರಬೇಕು, ಒಂದು ಗೂಡು ಮುಗಿದ ಕ್ಷಣ ಇನ್ನೊಂದರ ಎಳೆ ಸೇರಿಸಬೇಕು. ಎದ್ದರೆ ನೂಲು ತುಂಡಾಗುತ್ತದೆ, ರಾಟೆ ನಿಲ್ಲಿಸಬೇಕಾಗುತ್ತದೆ, ಸಾಲಿನಲ್ಲಿ ಎಲ್ಲರ ರಾಟೆಯೂ ಒಂದೇ ಕೋಲಿಗೆ ಕಟ್ಟಿಕೊಂಡಿದೆ. ಅದಕ್ಕೇ ಹೆಂಗಸರು ಬೆಳಗ್ಗೆ ನೀರನ್ನೇ ಕುಡಿಯುತ್ತಿರಲಿಲ್ಲ. ಕುಡಿದರೆ ಹೊರಗೆ ಹೋಗಬೇಕಾಗುತ್ತದಲ್ಲ. ನನಗೋ ಅಂಬಲಿಯ ಚೊಂಬು ಪಕ್ಕದಲ್ಲೇ ಇರುತ್ತಿತ್ತು. ಗೂಡಿನ ಕುಕ್ಕೆ ಒಳಗೆ ಬರುವಾಗ ಮಾತ್ರ ಬಾಗಿಲು ತೆರೆಯುತ್ತಿತ್ತು, ಆಗೆಲ್ಲ ನನ್ನ ಮುಖ ತಾನಾಗಿಯೇ ಆ ಕಡೆ ತಿರುಗುತ್ತಿತ್ತು. ಒಂದು ಗುಕ್ಕು ತಂಪು ಗಾಳಿ ಬರುತ್ತಿತ್ತು, ಮತ್ತೆ ಮುಚ್ಚುತ್ತಿತ್ತು. ಈ ಭರ್ತಿಯೂ ಕೈಬಿಟ್ಟರೆ ಇದೇ ಸ್ಟೂಲು, ಇದೇ ನೀರು, ಇದೇ ಬಾಗಿಲು ಅನ್ನುವ ಯೋಚನೆ ಬಂದರೆ ಹಿಡಿದ ಎಳೆ ಕೈತಪ್ಪುತ್ತಿತ್ತು.

ಐದನೆಯ ದಿನ ಅಲ್ಲೇ ಕೂತಿದ್ದಾಗ ಕಣ್ಣು ಕತ್ತಲೆ ಬಂತು. ಬೇಸಿನ್ನಿನ ನೀರು ಒಮ್ಮೆ ಹತ್ತಿರ, ಒಮ್ಮೆ ದೂರ. ಹೊರಗೆ ಬಂದುಬಿಡು ಅಂತ ಹವಾಲ್ದಾರರು ಹೇಳಿದ್ದು ನೆನಪಿತ್ತು, ಆದರೆ ಏಳಲು ಸಂಕೋಚ, ಎಲ್ಲರ ರಾಟೆ ನಿಲ್ಲುತ್ತದಲ್ಲ. ಪಕ್ಕದಲ್ಲಿದ್ದ ಅಕ್ಕ ನನ್ನ ಮುಖ ನೋಡಿದಳು. ಬಲಗೈಯಲ್ಲಿ ತನ್ನ ಎಳೆ ಬಿಡದೆ, ಎಡಗೈಯನ್ನು ನನ್ನ ಬೇಸಿನ್ನಿಗೆ ಚಾಚಿ ನನ್ನ ಎಳೆಗಳನ್ನೂ ಹಿಡಿದುಕೊಂಡಳು.

"ಎದ್ದೋಗು, ನೀರ್ ಕುಡಿ. ನಾ ನೋಡ್ಕತೀನಿ," ಅಂದಳು.

ಹೊರಗೆ ಬೇವಿನ ಮರದ ಕೆಳಗೆ ಕೂತು ತಲೆಗೆ ನೀರು ಸುರಿದುಕೊಂಡೆ. ಅವಳಿಗೆ ತಲೆ ಸುತ್ತಿದರೆ ಯಾರು ಹಿಡಿಯುತ್ತಾರೆ ಅಂತ ಆಗ ಕೇಳಿಕೊಳ್ಳಲಿಲ್ಲ. ಮೈ ಸ್ವಲ್ಪ ತಣ್ಣಗಾದ ಕೂಡಲೇ ವಾಪಸ್ ಹೋಗಿ ಕೂತೆ.

ಇನ್ನು ಕೈಯ ಮಾತು. ಪಳಗಿದವರು ಬೆರಳನ್ನು ಬಿಸಿನೀರಿಗೆ ಒಂದು ಕ್ಷಣ ಸೋಕಿಸಿ, ಪಕ್ಕದ ತಣ್ಣೀರಿನ ಬಟ್ಟಲಿಗೆ ಅದ್ದುತ್ತಾರೆ. ಎಳೆ ಅವರ ಕೈಗೆ ತಾನಾಗಿ ಸಿಗುತ್ತದೆ. ನನಗೆ ಸಿಗುತ್ತಿರಲಿಲ್ಲ. ಹುಡುಕುತ್ತಾ ಬೆರಳು ಅಲ್ಲೇ ಇರುತ್ತಿತ್ತು. ಎರಡನೆಯ ದಿನಕ್ಕೇ ತುದಿಗಳು ಬೆಳ್ಳಗೆ ಉಬ್ಬಿಕೊಂಡವು. ಅದಕ್ಕೆ ಆ ಸಾಲಿನ ಹೆಂಗಸರದ್ದು ಒಂದೇ ಮದ್ದು, ಗೋರಂಟಿ. ವಾರಕ್ಕೊಮ್ಮೆ ಸೊಪ್ಪು ಅರೆದು ಹತ್ತೂ ಬೆರಳಿಗೆ ದಪ್ಪಗೆ ಮೆತ್ತಿಕೊಂಡರೆ ಚರ್ಮ ಗಟ್ಟಿಯಾಗುತ್ತದೆ, ಹುಣ್ಣು ಹರಡುವುದಿಲ್ಲ ಅಂತ. ಹಬ್ಬವಿರಲಿ, ಸೂತಕವಿರಲಿ, ಅವರೆಲ್ಲರ ಬೆರಳು ಯಾವಾಗಲೂ ಕೆಂಪು. ಅಂದು ಸಂಜೆ ಅಕ್ಕ ನನಗೂ ಒಂದು ಉಂಡೆ ಅರೆದು ತಂದಳು. ನಾನು ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಭರ್ತಿಯ ಅಧಿಕಾರಿಗಳ ಮುಂದೆ ಕೆಂಪು ಬೆರಳು ಇಟ್ಟುಕೊಂಡು ನಿಲ್ಲುವುದೇ?

"ನಾನೇನ್ ಮದ್ವೆ ಎಣ್ಣಾ?" ಅಂದೆ.

"ಮದ್ವೆಗಲ್ಲ ಕಣ್ಲಾ, ಬೆರ್ಳು ಉಳೀಲಿ ಅಂತ."

ಬೇಡವೆಂದರೆ ಬೇಡ ಅಂದುಬಿಟ್ಟೆ. ಅವಳು ಒತ್ತಾಯ ಮಾಡಲಿಲ್ಲ, ಆ ಉಂಡೆಯನ್ನು ತಾನೇ ಹಚ್ಚಿಕೊಂಡಳು. ಮಾರನೆಯ ದಿನವೂ ಕೇಳಿದಳು, ಅದಕ್ಕೂ ಸಿಡುಕಿದೆ. ಒಂಬತ್ತನೆಯ ದಿನದ ಹೊತ್ತಿಗೆ ಬೆರಳ ಸಂದಿಗಳಲ್ಲಿ ಚರ್ಮ ಬಿರಿದು ಕೀವು ಕೂಡಿತ್ತು, ಮುದ್ದೆ ಮುರಿಯಲು ಆಗುತ್ತಿರಲಿಲ್ಲ. ಓಡುವುದು ಕಾಲು, ಕೈಯಲ್ಲ ಅಂತ ಸಮಾಧಾನ ಹೇಳಿಕೊಂಡು ಬಳ್ಳಾರಿಯ ರೈಲು ಹತ್ತಿದೆ.

ಓಟದ ಬಗ್ಗೆ ಹೇಳುವುದು ಹೆಚ್ಚಿಲ್ಲ, ಯಾಕೆಂದರೆ ಆಗಬೇಕಾದ ಹಾಗೇ ಆಯಿತು. ನಮ್ಮ ಗುಂಪಿನ ಸರದಿ ಹನ್ನೆರಡರ ಸುಮಾರಿಗೆ ಬಂತು. ನೆಲದ ಕಾವು ಶೂಗಳ ಅಟ್ಟೆ ದಾಟಿ ಬರುತ್ತಿತ್ತು. ಮೊದಲ ಸುತ್ತು ಮುಗಿಯುವಷ್ಟರಲ್ಲಿ ನನ್ನ ಹಣೆ, ಕತ್ತು, ಬೆನ್ನು ನೀರಾದವು. ಬೆವರು ಬಂತಲ್ಲ ಅಂತ ಧೈರ್ಯ ಬಂತು. ಏಳನೆಯ ಸುತ್ತಿನಲ್ಲಿ ಭಯದಿಂದ ತೋಳು ನೋಡಿಕೊಂಡೆ, ರೋಮ ನಿಮಿರಿರಲಿಲ್ಲ. ಒಂಬತ್ತನೆಯದರಲ್ಲಿ ನನ್ನ ಮುಂದಿದ್ದ ಒಬ್ಬ ಪಕ್ಕಕ್ಕೆ ವಾಲಿ ಬಿದ್ದ. ಅವನನ್ನು ದಾಟಿ ಓಡಿದೆ. ಇಪ್ಪತ್ತಮೂರು ನಿಮಿಷಕ್ಕೆ ಸ್ವಲ್ಪ ಮೊದಲೇ ಗೆರೆ ಮುಟ್ಟಿದೆ. ಅಲ್ಲೇ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ. ಪಕ್ಕದವರು ಸುಸ್ತಿಗೆ ಅಳುತ್ತಿದ್ದಾನೆ ಅಂದುಕೊಂಡು ಬೆನ್ನು ಸವರಿದರು.

ಮಾರನೆಯ ದಿನ ವೈದ್ಯಕೀಯ ಪರೀಕ್ಷೆ. ಕಣ್ಣು, ಕಿವಿ, ಎದೆ, ಮಂಡಿ ಎಲ್ಲ ಸರಿಯಿತ್ತು. ಕೊನೆಗೆ ಡಾಕ್ಟರು ಎರಡೂ ಕೈ ಚಾಚು ಅಂದರು. ನಾನು ಅಂಗೈ ಕೆಳಗೆ ಮಾಡಿ ಚಾಚಿದೆ. ತಿರುಗಿಸು ಅಂದರು. ತಿರುಗಿಸಿದೆ. ಅವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ಅವರಿಗೆ ಕನ್ನಡ ಬಾರದು, ನನ್ನ ಹಿಂದಿ ಎರಡು ಮಾತಿಗೆ ಮುಗಿಯುತ್ತಿತ್ತು. ಪಕ್ಕದಲ್ಲಿದ್ದ ಕನ್ನಡದ ಕಾಂಪೌಂಡರು ನಡುವೆ ನಿಂತರು. ಇದು ಎಷ್ಟು ವರ್ಷದ ಕಾಯಿಲೆ ಅಂತ ಡಾಕ್ಟರು ಕೇಳಿಸಿದರು. ಒಂಬತ್ತು ದಿನ ಸಾರ್ ಅಂದೆ. ಕಾಂಪೌಂಡರು ಅನುವಾದ ಮಾಡದೆ ನನ್ನ ಮುಖ ನೋಡಿದರು, ನಿಜ ಹೇಳಪ್ಪ ಅಂದರು. ಶೆಡ್ಡು, ಬೇಸಿನ್ನು, ಬಿಸಿನೀರು ಎಲ್ಲ ತೊದಲುತ್ತಾ ಹೇಳಿದೆ. ಡಾಕ್ಟರು ಬರೆಯುತ್ತಲೇ ಇದ್ದರು. ಆ ಪೆನ್ನಿನ ಸದ್ದು ಕೇಳುತ್ತಾ, ಮುಗಿಯಿತು ಕತೆ, ಇನ್ನು ಅದೇ ಸ್ಟೂಲು ಅಂದುಕೊಂಡೆ. ಗೋರಂಟಿಯ ಉಂಡೆಯನ್ನು ತಳ್ಳಿದ ನನ್ನ ಕೈಯನ್ನು ನಾನೇ ಕಡಿದು ಹಾಕಬೇಕು ಅನ್ನಿಸಿತು.

ಬರೆದು ಮುಗಿಸಿ ಡಾಕ್ಟರು ಏನೋ ಹೇಳಿದರು. ತಾತ್ಕಾಲಿಕವಾಗಿ ಅನರ್ಹ, ಎರಡು ವಾರ ಬಿಟ್ಟು ಮರುಪರೀಕ್ಷೆಗೆ ಬಾ ಅಂತ ಅದರ ಅರ್ಥ. ಒಂದು ಮುಲಾಮು ಬರೆದುಕೊಟ್ಟರು. ಹೊರಗೆ ಬರುವಾಗ ಕಾಂಪೌಂಡರು ನನ್ನ ಭುಜ ಹಿಡಿದು ನಿಲ್ಲಿಸಿ ಬಿಡಿಸಿ ಹೇಳಿದರು. ಇದಕ್ಕೆ ದೊಡ್ಡ ಔಷಧಿಯೇನೂ ಬೇಡ, ಹತ್ತು ದಿನ ನೀರು ಮುಟ್ಟದೆ ಕೈ ಒಣಗಿಸಿಟ್ಟುಕೊಂಡರೆ ಹೊಸ ಚರ್ಮ ಬರುತ್ತದೆ ಅಂತ.

ನರಸೀಪುರಕ್ಕೆ ಬಂದಾಗ ಸಂಜೆ ಐದು. ಅಕ್ಕ ಆಗತಾನೇ ಕೆಲಸದಿಂದ ಬಂದು ಹೊಸ್ತಿಲ ಮೇಲೆ ಕೂತಿದ್ದಳು. ಓಟ ಗೆದ್ದದ್ದು ಹೇಳಿದೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೈಯ ವಿಷಯ ಹೇಳಿದೆ. ನಾ ಹೇಳಿರಲಿಲ್ಲವಾ ಅನ್ನುತ್ತಾಳೆ, ಅನ್ನಲಿ, ಅನ್ನಿಸಿಕೊಳ್ಳುತ್ತೇನೆ ಅಂತ ತಲೆ ತಗ್ಗಿಸಿ ನಿಂತಿದ್ದೆ. ಅವಳು, ಡಾಕ್ಟರು ಏನು ಮದ್ದು ಹೇಳಿದರು ಅಂತ ಕೇಳಿದಳು. ಹೇಳಿದೆ.

"ಅತ್ತು ದಿನ ನೀರ್ ಮುಟ್ದಿದ್ರೆ ಸಾಕಂತಾ?"

ಸಾಕಂತೆ ಕಣಕ್ಕ ಅಂದೆ. ಅವಳು ತನ್ನ ಎರಡೂ ಕೈಯನ್ನು ಬಾಗಿಲ ಬೆಳಕಿಗೆ ಚಾಚಿ ಸ್ವಲ್ಪ ಹೊತ್ತು ನೋಡಿದಳು. ಕೆಂಪು ಬಣ್ಣದ ಕೆಳಗೆ ಅವು ನನ್ನ ಕೈಗಿಂತ ಎಷ್ಟೋ ಕೆಟ್ಟಿದ್ದವು. ಹದಿನಾಲ್ಕು ವರ್ಷದ ಕೈ. ನಾನು ಅವನ್ನು ಸರಿಯಾಗಿ ನೋಡಿದ್ದೇ ಆಗ.

"ಅಷ್ಟೇಯಾ," ಅಂದಳು. ಆಮೇಲೆ ಎದ್ದು ಒಲೆ ಹಚ್ಚಲು ಹೋದಳು.

ಆ ಹತ್ತು ದಿನ ನಾನು ನೀರು ಮುಟ್ಟಲಿಲ್ಲ. ನನ್ನ ಬಟ್ಟೆ ಅವಳು ಒಗೆದಳು, ನಾನುಂಡ ತಟ್ಟೆ ಅವಳು ತೊಳೆದಳು. ಅನ್ನ ಕಲಸಿ, ಚಮಚ ಹಾಕಿ ಕೊಡುತ್ತಿದ್ದಳು. ಬೆಳಗ್ಗೆ ಎಂಟಕ್ಕೆ ಶೆಡ್ಡಿಗೆ ಹೋಗಿ ಸಂಜೆ ಬಂದವಳೇ, ಬೆಂದ ತನ್ನ ಬೆರಳಿನಿಂದ ನನ್ನ ಬೆರಳಿಗೆ ಮುಲಾಮು ಹಚ್ಚುತ್ತಿದ್ದಳು. ನೀನೂ ಹಚ್ಚಿಕೋ ಅಂದೆ. ಬೆಳಗಾದರೆ ಮತ್ತೆ ನೀರಲ್ಲೇ ಅದ್ದುವ ಕೈಗೆ ಯಾಕೆ ದಂಡ ಅಂದಳು. ನನಗೆ ಹೊಸ ಚರ್ಮ ಬಂತು, ತೆಳ್ಳಗೆ, ಗುಲಾಬಿ ಬಣ್ಣದ್ದು. ಮರುಪರೀಕ್ಷೆಯಲ್ಲಿ ಪಾಸಾದೆ.

ಟ್ರೈನಿಂಗ್ ಮುಗಿಸಿ ದೇಶದ ಎಲ್ಲ ಬಿಸಿಲನ್ನೂ ಕಂಡೆ. ಸಂಬಳ ಬರತೊಡಗಿದ ಮೇಲೆ ಅಕ್ಕನಿಗೆ ಏನಾದರೂ ಮಾಡಬೇಕು ಅಂತ ಪ್ರತಿ ರಜೆಯಲ್ಲೂ ಅಂದುಕೊಂಡೇ ಬರುತ್ತಿದ್ದೆ. ಒಂದು ವರ್ಷ ಮನೆಯ ಶೀಟು ಬದಲಾಯಿಸಿದ್ದಾಯಿತು, ಆಮೇಲೆ ನನ್ನ ಮದುವೆ, ಆಮೇಲೆ ಮಕ್ಕಳ ಸ್ಕೂಲು. ಎರಡು ಸಾವಿರದ ಮೊದಲ ದಶಕ ಮುಗಿಯುವವರೆಗೂ, ಶೆಡ್ಡು ಮುಚ್ಚುವವರೆಗೂ, ಅವಳು ಅದೇ ಸಾಲಿನಲ್ಲಿ ಕೂತಿದ್ದಳು. ಅವಳಿಗೆ ಬೇಕಾಗಿದ್ದದ್ದು ಹತ್ತು ದಿನ. ಯಜಮಾನರು ಕೊಡಲಿಲ್ಲ, ಭಾವ ಕೊಡಲಿಲ್ಲ. ನಾನು ಕೊಡಬಹುದಿತ್ತು, ಕೊಡಲಿಲ್ಲ.